ನಲವತ್ತು ನಿಮಿಷದ ತರಗತಿಗೆ ಯಾವ ಯಂತ್ರ ಬೇಕು?

ತಾವು ಓದಿದ ಊರಿನ ಸರ್ಕಾರಿ ಶಾಲೆಗೆ ಏನಾದರೂ ಮಾಡಬೇಕು ಎಂಬ ಹಂಬಲ ಈಗ ಎಲ್ಲೆಡೆ ಕಾಣುತ್ತದೆ. ಹಳೆಯ ವಿದ್ಯಾರ್ಥಿಗಳು ವಾಟ್ಸ್‌ಆ್ಯಪ್ ಗುಂಪು ಕಟ್ಟಿಕೊಂಡು ಹಣ ಕೂಡಿಸುತ್ತಾರೆ. ಬೆಂಗಳೂರಿನಲ್ಲಿ, ದುಬೈನಲ್ಲಿ ನೆಲೆಸಿದವರು ಕೈಜೋಡಿಸುತ್ತಾರೆ. ಅದಕ್ಕೆ ಯಾವುದೋ ಕಂಪನಿಯ ಸಿಎಸ್‌ಆರ್ ನಿಧಿಯೂ ಸೇರುತ್ತದೆ. ಮೊತ್ತ ಲಕ್ಷ ದಾಟಿತೆಂದರೆ ಮೊದಲು ಕೇಳಿಬರುವ ಹೆಸರು ಸ್ಮಾರ್ಟ್ ಬೋರ್ಡಿನದು. ಈ ಔದಾರ್ಯ ದೊಡ್ಡದು, ಆದ್ದರಿಂದಲೇ ಅದು ವ್ಯರ್ಥವಾಗಬಾರದು. ಅಂಗಡಿಯವನಿಂದ ದರಪಟ್ಟಿ ತರಿಸುವ ಮೊದಲು ಆ ಶಾಲೆಯ ಶಿಕ್ಷಕರ ಮುಂದೆ ಕುಳಿತು ಒಂದು ಪ್ರಶ್ನೆ ಕೇಳಬೇಕು: ವರ್ಷ ವರ್ಷವೂ ನಿಮ್ಮ ಮಕ್ಕಳಿಗೆ ತಲೆಗೆ ಹತ್ತದ ಪಾಠ ಯಾವುದು?

ಈ ಪ್ರಶ್ನೆಗೆ ಸಿಗುವ ಉತ್ತರದಲ್ಲೇ ಯಾವ ಉಪಕರಣ ಬೇಕು ಎಂಬುದೂ ಇರುತ್ತದೆ. ಭಿನ್ನರಾಶಿ ಎಂದರೆ ಮಕ್ಕಳು ಮುಟ್ಟಿ ಜೋಡಿಸುವ ಪಟ್ಟಿಗಳು ಸಾಕಾಗಬಹುದು. ಇಂಗ್ಲಿಷ್ ಆಲಿಸುವುದೇ ಕಷ್ಟ ಎಂದರೆ ಒಂದು ಒಳ್ಳೆಯ ಸ್ಪೀಕರ್ ಸಾಕು. ಮೊದಲು ಯಂತ್ರ ಕೊಂಡು ಆಮೇಲೆ ಅದಕ್ಕೊಂದು ಕೆಲಸ ಹುಡುಕಹೊರಟರೆ ಅದು ಧೂಳು ಹಿಡಿಯುವುದು ಬಹುಪಾಲು ಖಚಿತ.

ಪ್ರೌಢಶಾಲೆಯ ಒಂದು ಅವಧಿ ಸುಮಾರು ನಲವತ್ತು ನಿಮಿಷ. ಹಾಜರಿ ಹಾಕಿ, ಹೋಂವರ್ಕ್ ನೋಡಿ, ನಿನ್ನೆಯ ಪಾಠ ನೆನಪಿಸುವ ಹೊತ್ತಿಗೆ ಉಳಿಯುವುದು ಮೂವತ್ತರ ಆಸುಪಾಸು. ಪ್ರೊಜೆಕ್ಟರ್ ಬೀರುವಿನಲ್ಲಿದ್ದು, ಬೀಗದ ಕೈ ಮುಖ್ಯ ಶಿಕ್ಷಕರ ಬಳಿ ಇದ್ದು, ಅವರು ಬಿಇಒ ಕಚೇರಿಯ ಸಭೆಗೆ ಹೋಗಿದ್ದರೆ ಆ ದಿನ ಅದು ತರಗತಿಗೆ ಬರುವುದಿಲ್ಲ. ಬೀಗದ ಕೈ ಸಿಕ್ಕರೂ ವೈರು ಜೋಡಿಸಬೇಕು, ಕಂಪ್ಯೂಟರ್ ಆನ್ ಆಗುವವರೆಗೆ ಕಾಯಬೇಕು, ಕಿಟಕಿಯ ಬಿಸಿಲಿಗೆ ಏನಾದರೂ ಅಡ್ಡ ಕಟ್ಟಬೇಕು. ಹತ್ತು ನಿಮಿಷ ಅಲ್ಲಿಗೇ ಹೋಯಿತು. ಅಷ್ಟರಲ್ಲಿ ಹಿಂದಿನ ಸಾಲಿನ ಮಕ್ಕಳು ಕೈತಪ್ಪಿರುತ್ತಾರೆ. ಒಂದೆರಡು ಸಲ ಹೀಗಾದ ಮೇಲೆ ಶಿಕ್ಷಕಿ ಮತ್ತೆ ಸೀಮೆಸುಣ್ಣ ಹಿಡಿಯುತ್ತಾರೆ. ಅದನ್ನು ನೋಡಿ ‘ಶಿಕ್ಷಕರಿಗೆ ಹೊಸದು ಬೇಡ’ ಎಂದು ವರದಿ ಬರೆಯುವುದು ಅನ್ಯಾಯ. ಅವರು ಮಕ್ಕಳ ಹತ್ತು ನಿಮಿಷ ಉಳಿಸಿದ್ದಾರೆ. ಉಪಕರಣ ಎಷ್ಟು ಬೇಗ ಕೈಗೆ ಸಿಗುತ್ತದೆ, ಎಷ್ಟು ಬೇಗ ಚಾಲೂ ಆಗುತ್ತದೆ ಎಂಬುದನ್ನು ಕ್ಷುಲ್ಲಕ ಎಂದು ತಳ್ಳಿಹಾಕುವವರು ತರಗತಿಯ ಒಳಗೆ ನಿಂತು ನೋಡಬೇಕು.

ಅಷ್ಟೆಲ್ಲ ತಾಪತ್ರಯ ಪಟ್ಟರೂ ಸಾರ್ಥಕ ಎನಿಸುವ ಬಳಕೆಗಳೂ ಇವೆ. ಜಿಯೋಜೀಬ್ರಾ ಎಂಬ ಉಚಿತ ಗಣಿತ ತಂತ್ರಾಂಶವನ್ನೇ ತೆಗೆದುಕೊಳ್ಳಿ. ತ್ರಿಭುಜದ ಮೂರು ಬಾಹುಗಳಿಗೂ ಲಂಬಾರ್ಧಕ ಎಳೆದರೆ ಅವು ಒಂದೇ ಬಿಂದುವಿನಲ್ಲಿ ಸೇರುತ್ತವೆ, ಅದೇ ಪರಿಕೇಂದ್ರ. ಇದನ್ನು ಕರಿಹಲಗೆಯ ಮೇಲೆ ಸ್ಕೇಲು, ಕೈವಾರ ಹಿಡಿದು ನಿಖರವಾಗಿ ರಚಿಸಲು ಐದಾರು ನಿಮಿಷ ಬೇಕು. ಹಾಗಾಗಿ ಶಿಕ್ಷಕರು ಒಂದು, ಹೆಚ್ಚೆಂದರೆ ಎರಡು ತ್ರಿಭುಜ ಬರೆಯುತ್ತಾರೆ. ಅವು ಸಾಮಾನ್ಯವಾಗಿ ಲಘುಕೋನ ತ್ರಿಭುಜಗಳೇ ಆಗಿರುತ್ತವೆ, ಏಕೆಂದರೆ ಹಲಗೆಯ ಮೇಲೆ ಅಚ್ಚುಕಟ್ಟಾಗಿ ಕೂರುವುದು ಅವೇ. ಪರಿಕೇಂದ್ರ ಯಾವಾಗಲೂ ತ್ರಿಭುಜದ ಒಳಗೇ ಇರುತ್ತದೆ ಎಂದು ಮಕ್ಕಳು ತಮ್ಮಷ್ಟಕ್ಕೆ ತೀರ್ಮಾನಿಸಿಬಿಡುತ್ತಾರೆ.

ಈಗ ಅದೇ ರಚನೆ ಪರದೆಯ ಮೇಲಿದೆ ಎನ್ನೋಣ. ಶಿಕ್ಷಕಿ ಒಂದು ಶೃಂಗವನ್ನು ಹಿಡಿದು ಎಳೆಯುವ ಮೊದಲು ನಿಲ್ಲಿಸಿ ಕೇಳುತ್ತಾರೆ: ‘ಈ ಕೋನವನ್ನು ದೊಡ್ಡದು ಮಾಡುತ್ತಾ ಹೋದರೆ ಆ ಬಿಂದು ಎಲ್ಲಿಗೆ ಹೋಗುತ್ತದೆ? ನೋಟ್‌ಬುಕ್‌ನಲ್ಲಿ ಗುರುತು ಹಾಕಿ.’ ಮಕ್ಕಳು ಗುರುತು ಹಾಕಿದ ಮೇಲೆ ನಿಧಾನವಾಗಿ ಎಳೆಯುತ್ತಾರೆ. ಕೋನ ತೊಂಬತ್ತು ಡಿಗ್ರಿ ಆದಾಗ ಬಿಂದು ವಿಕರ್ಣದ ಮೇಲೆ, ಸರಿಯಾಗಿ ಅದರ ನಡುವೆ ಬಂದು ಕೂರುತ್ತದೆ. ಇನ್ನೂ ಎಳೆದರೆ ತ್ರಿಭುಜದಿಂದ ಹೊರಗೇ ಹೋಗುತ್ತದೆ. ‘ಹೊರಗೆ ಹೋಯ್ತು ಮಿಸ್!’ ಎಂದು ಯಾರಾದರೂ ಕೂಗಿದರೆ ಆ ಕ್ಷಣದಲ್ಲಿ ಕಲಿಕೆ ನಡೆದಿದೆ. ಒಂದು ನಿಮಿಷದಲ್ಲಿ ಮಕ್ಕಳು ನೂರು ತ್ರಿಭುಜ ನೋಡಿದ್ದಾರೆ. ಅದಕ್ಕಿಂತ ಮುಖ್ಯವಾಗಿ, ತಮ್ಮ ಊಹೆ ಏಕೆ ತಪ್ಪಿತು ಎಂದು ಯೋಚಿಸುತ್ತಿದ್ದಾರೆ.

ಅದೇ ಪರದೆಯ ಮೇಲೆ ಪರಿಕೇಂದ್ರದ ಬಗ್ಗೆ ಬಣ್ಣಬಣ್ಣದ ಅನಿಮೇಷನ್, ಹಿನ್ನೆಲೆ ಸಂಗೀತ ಇರುವ ಎಂಟು ನಿಮಿಷದ ವಿಡಿಯೊ ಹಾಕಬಹುದು. ಮಕ್ಕಳು ಸದ್ದಿಲ್ಲದೆ ನೋಡುತ್ತಾರೆ, ಭೇಟಿಗೆ ಬಂದ ಅಧಿಕಾರಿಗೂ ತರಗತಿ ಶಿಸ್ತಾಗಿ ಕಾಣುತ್ತದೆ. ಆದರೆ ಅಲ್ಲಿ ಊಹಿಸುವ ಕೆಲಸ ಮಕ್ಕಳಿಗಿಲ್ಲ, ನಿಲ್ಲಿಸಿ ಕೇಳುವ ಕೆಲಸ ಶಿಕ್ಷಕಿಗಿಲ್ಲ. ಬೆಲೆಬಾಳುವ ಯಂತ್ರ ಎರಡೂ ಕಡೆ ಒಂದೇ. ಉಪಕರಣ ನೋಡಲು ಹೋದಾಗ ಇದನ್ನು ಗಮನಿಸಬೇಕು: ತರಗತಿಯಲ್ಲಿ ಯೋಚಿಸುವವರು ಯಾರು, ಮಾತಾಡುವವರು ಯಾರು? ಉತ್ತರ ‘ಯಂತ್ರ’ ಎಂದಾದರೆ ಅದು ಬೇಡ.

ತಂತ್ರಜ್ಞಾನ ಎಂದರೆ ವಿದ್ಯುತ್ತಿನಿಂದ ನಡೆಯುವುದು ಮಾತ್ರ ಎಂಬ ತಿಳಿವಳಿಕೆಯನ್ನೂ ಸ್ವಲ್ಪ ಪಕ್ಕಕ್ಕಿಡಬೇಕು. ನಮ್ಮ ರಾಜ್ಯದ ಶಾಲೆಗಳಲ್ಲಿ ಹುಟ್ಟಿ ಬೆಳೆದ ಅತ್ಯುತ್ತಮ ತಂತ್ರಜ್ಞಾನಗಳಲ್ಲಿ ನಲಿಕಲಿ ಒಂದು ಎಂದು ನಾನು ನಂಬಿದ್ದೇನೆ. 1995ರಲ್ಲಿ ಎಚ್.ಡಿ. ಕೋಟೆಯ ಶಿಕ್ಷಕರು ಯುನಿಸೆಫ್ ನೆರವಿನೊಂದಿಗೆ, ಆಂಧ್ರದ ರಿಷಿ ವ್ಯಾಲಿಯ ಗ್ರಾಮೀಣ ಶಾಲೆಗಳ ಪದ್ಧತಿಯನ್ನು ನೋಡಿಬಂದು, ಅದನ್ನು ತಮ್ಮ ತರಗತಿಗಳಿಗೆ ಒಗ್ಗಿಸಿದರು. 2009-10ರಲ್ಲಿ ಅದು ರಾಜ್ಯದ ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಗಳಿಗೆಲ್ಲ ಹಬ್ಬಿತು. ಪಾಠವನ್ನು ಚಿಕ್ಕ ಚಿಕ್ಕ ಮೆಟ್ಟಿಲುಗಳಾಗಿ ಒಡೆದು, ಒಂದೊಂದು ಮೆಟ್ಟಿಲಿಗೂ ಒಂದು ಕಾರ್ಡು ಮಾಡಿದರು. ಗೋಡೆಯ ಮೇಲಿನ ಕಲಿಕಾ ಏಣಿ ನೋಡಿ ಮಗು ತಾನೇ ತನ್ನ ಕಾರ್ಡು ತೆಗೆದುಕೊಂಡು ತನ್ನ ತಟ್ಟೆಯಲ್ಲಿ, ಅಂದರೆ ತನ್ನ ಗುಂಪಿನಲ್ಲಿ, ಕೂರುತ್ತದೆ. ಪೂರ್ತಿ ನೆರವು ಬೇಕಾದ ಗುಂಪಿನ ಜೊತೆ ಶಿಕ್ಷಕಿ ಕೂರುತ್ತಾರೆ. ಉಳಿದವರು ಗೆಳೆಯರ ಸಹಾಯದಿಂದಲೋ ತಮ್ಮಷ್ಟಕ್ಕೆ ತಾವೋ ಕೆಲಸ ಮಾಡುತ್ತಾರೆ. ಅಜ್ಜಿ ಮನೆಗೆ ಹೋಗಿ ಒಂದು ವಾರ ಶಾಲೆ ತಪ್ಪಿಸಿದ ಹುಡುಗಿ ಬಂದು ತಾನು ಬಿಟ್ಟ ಕಾರ್ಡಿನಿಂದಲೇ ಮುಂದುವರಿಯುತ್ತಾಳೆ.

‘ಪ್ರತಿ ಮಗುವಿನ ವೇಗಕ್ಕೆ ತಕ್ಕಂತೆ ಕಲಿಸುತ್ತದೆ’ ಎಂದು ಇಂದು ತಂತ್ರಾಂಶ ಮಾರುವವರು ಹೇಳುವುದು ಇದನ್ನೇ. ನಲಿಕಲಿಗೂ ತೊಡಕುಗಳಿವೆ: ಕಾರ್ಡು ಹರಿಯುತ್ತವೆ, ಕಳೆದುಹೋಗುತ್ತವೆ, ಮಕ್ಕಳ ಸಂಖ್ಯೆ ಹೆಚ್ಚಾದರೆ ಎಲ್ಲರ ಮೇಲೆ ಕಣ್ಣಿಡುವುದು ಕಷ್ಟ. ಹಾಗಿದ್ದೂ ಅದು ಇಷ್ಟು ಕಾಲ ಉಳಿದದ್ದಕ್ಕೆ ಮುಖ್ಯ ಕಾರಣ, ಅದು ಶಿಕ್ಷಕರ ಕೈಯಲ್ಲೇ ರೂಪುಗೊಂಡಿತು. ಒಂದೇ ಕೋಣೆಯಲ್ಲಿ ಎರಡು ಮೂರು ತರಗತಿ ನೋಡಬೇಕಾದ ಅವರ ದಿನನಿತ್ಯದ ಪಾಡಿಗೆ ಅದು ಉತ್ತರವಾಗಿತ್ತು.

ಯಂತ್ರಗಳ ಕಥೆಯೂ ನಮ್ಮಲ್ಲಿ ಹೊಸದಲ್ಲ. 1975ರ ಆಗಸ್ಟ್‌ನಿಂದ ಒಂದು ವರ್ಷ ನಡೆದ ‘ಸೈಟ್’ ಉಪಗ್ರಹ ಟಿವಿ ಪ್ರಯೋಗಕ್ಕೆ ದೇಶದ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳು ಸೇರಿದ್ದವು. ಕರ್ನಾಟಕದಲ್ಲಿ ರಾಯಚೂರು, ಕಲಬುರಗಿ, ವಿಜಯಪುರ ಜಿಲ್ಲೆಗಳ ಹಳ್ಳಿಗಳು ಅದರಲ್ಲಿದ್ದವು. ನಾಸಾದ ಎಟಿಎಸ್-6 ಉಪಗ್ರಹದ ಸಂಕೇತವನ್ನು ತಂತಿಬಲೆಯ ಆಂಟೆನಾ ಹಿಡಿದು ಊರಿನ ಸಾರ್ವಜನಿಕ ಟಿವಿಗೆ ಕೊಡುತ್ತಿತ್ತು. ಬೆಳಿಗ್ಗೆ ಶಾಲೆಯ ಮಕ್ಕಳಿಗೆ, ಸಂಜೆ ಊರಿನವರಿಗೆ ಅವರವರ ಭಾಷೆಯಲ್ಲೇ ಕಾರ್ಯಕ್ರಮ. ಈ ಪ್ರಯೋಗದಿಂದ ನಾವು ಕಲಿಯಬೇಕಾದ ಎರಡು ಸಂಗತಿಗಳು ಟಿವಿಯ ಪರದೆಯ ಆಚೆಗಿದ್ದವು. ಕೆಟ್ಟ ಸೆಟ್ಟುಗಳನ್ನು ರಿಪೇರಿ ಮಾಡಲು ಮೊದಲೇ ದುರಸ್ತಿ ಕೇಂದ್ರಗಳ ಏರ್ಪಾಡಾಗಿತ್ತು. ಮಕ್ಕಳ ಕಾರ್ಯಕ್ರಮದ ಜೊತೆಗೇ ಸಾವಿರಾರು ಪ್ರಾಥಮಿಕ ಶಿಕ್ಷಕರಿಗೆ ವಿಜ್ಞಾನ ಬೋಧನೆಯ ತರಬೇತಿಯನ್ನೂ ಕೊಟ್ಟರು. ಆ ತರಬೇತಿಯಲ್ಲಿ ಟಿವಿ ಒಂದು ಭಾಗ ಮಾತ್ರ, ಕೈಯಾರೆ ಮಾಡುವ ಪ್ರಯೋಗ ಮತ್ತು ಚರ್ಚೆಗಳೂ ಇದ್ದವು.

ಮುಂದೆ 2004ರ ಸೆಪ್ಟೆಂಬರ್ 20ರಂದು ಶಿಕ್ಷಣಕ್ಕೆಂದೇ ಎಜುಸ್ಯಾಟ್ ಹಾರಿತು. ಅದರ ಮೊದಲ ಪ್ರಾಥಮಿಕ ಶಾಲಾ ಯೋಜನೆ ಚಾಮರಾಜನಗರ ಜಿಲ್ಲೆಯಲ್ಲಿ ನಡೆಯಿತು. ಆ ಉಪಗ್ರಹದ ಸೇವೆ 2010ರಲ್ಲಿ ಮುಗಿಯಿತು. ಯಂತ್ರಕ್ಕೆ ಆಯುಷ್ಯವಿದೆ, ಅದು ಮುಗಿದ ಮೇಲೂ ಶಾಲೆಯಲ್ಲಿ ಉಳಿಯುವುದು ಶಿಕ್ಷಕರು ಅದರ ಮೂಲಕ ಗಳಿಸಿಕೊಂಡ ಪರಿಣತಿ. ಆಕಾಶವಾಣಿಯ ‘ಕೇಳಿ ಕಲಿ’, ‘ಚುಕ್ಕಿ ಚಿನ್ನ’ದಂಥ ರೇಡಿಯೊ ಪಾಠಗಳನ್ನು ಕೇಳಿ ಬೆಳೆದವರು ಈಗ ದೊಡ್ಡವರಾಗಿದ್ದಾರೆ. ಆ ಪಾಠಗಳು ನಡುನಡುವೆ ನಿಂತು ಮಕ್ಕಳಿಂದ ಉತ್ತರ ಹೇಳಿಸುತ್ತಿದ್ದವು, ಹಾಡಿಸುತ್ತಿದ್ದವು. ಕಡಿಮೆ ಬೆಲೆಯ ಸಾಧನವೂ ಮಕ್ಕಳನ್ನು ಮಾತಾಡಿಸಬಲ್ಲದು.

ತರಗತಿಗೆ ಬಂದ ಯಂತ್ರಗಳ ಪರಿಣಾಮವನ್ನು ಲೆಕ್ಕಹಾಕಿ ನೋಡಿದವರಿದ್ದಾರೆ. ಗುಜರಾತ್ ಸರ್ಕಾರ 2000ದಲ್ಲಿ ವಡೋದರದ ನಗರಪಾಲಿಕೆ ಶಾಲೆಗಳಿಗೆ ತಲಾ ನಾಲ್ಕು ಕಂಪ್ಯೂಟರ್ ಕೊಟ್ಟಿತ್ತು, ಆದರೆ ಅವುಗಳ ಬಳಕೆ ತೀರಾ ಕಡಿಮೆಯಿತ್ತು. ಪ್ರಥಮ್ ಸಂಸ್ಥೆ ನಾಲ್ಕನೇ ತರಗತಿಯ ಮಕ್ಕಳನ್ನು ಇಬ್ಬಿಬ್ಬರಾಗಿ ಕೂರಿಸಿ, ವಾರಕ್ಕೆ ಎರಡು ಗಂಟೆ ಗಣಿತದ ಆಟ ಆಡಿಸಿದಾಗ ಅಂಕಗಳು ಗಣನೀಯವಾಗಿ ಏರಿದವು. ಕಂಪ್ಯೂಟರ್ ಹಳೆಯವೇ, ಬದಲಾದದ್ದು ಬಳಕೆಯ ವ್ಯವಸ್ಥೆ. ಕಾರ್ಯಕ್ರಮ ನಿಂತು ಒಂದು ವರ್ಷವಾಗುವಷ್ಟರಲ್ಲಿ ಆ ಲಾಭದ ಬಹುಪಾಲು ಕರಗಿಹೋಯಿತು ಎಂಬುದನ್ನೂ ಆ ಅಧ್ಯಯನ ಮುಚ್ಚಿಡಲಿಲ್ಲ.

ಅದೇ ರಾಜ್ಯದ ಜ್ಞಾನಶಾಲಾ ಎಂಬ ಸಂಸ್ಥೆಯ ತರಗತಿಗಳಲ್ಲಿ ಅರ್ಥಶಾಸ್ತ್ರಜ್ಞ ಲೀ ಲಿಂಡನ್ ಇನ್ನೂ ಸೂಕ್ಷ್ಮವಾದ ಒಂದು ಸಂಗತಿ ಕಂಡರು. ಚೆನ್ನಾಗಿ ನಡೆಯುತ್ತಿದ್ದ ಶಿಕ್ಷಕರ ಪಾಠದ ವೇಳೆಯನ್ನು ಕಿತ್ತುಕೊಂಡು ಕಂಪ್ಯೂಟರ್‌ಗೆ ಕೊಟ್ಟಾಗ ಮಕ್ಕಳ ಕಲಿಕೆ ಕುಸಿಯಿತು. ಅದೇ ತಂತ್ರಾಂಶವನ್ನು ಶಾಲೆಯ ವೇಳೆಯ ಆಚೆಗೆ, ಪಾಠಕ್ಕೆ ಪೂರಕವಾಗಿ ಬಳಸಿದಾಗ ಹಿಂದುಳಿದ ಮಕ್ಕಳಿಗೆ ವಿಶೇಷವಾಗಿ ಅನುಕೂಲವಾಯಿತು. ಒಂದೇ ತಂತ್ರಾಂಶದಿಂದ ಎರಡು ವಿರುದ್ಧ ಫಲ. ಈ ವಿಷಯದಲ್ಲಿ ನಾನು ಓದಿದವುಗಳಲ್ಲಿ ಎಲ್ಲಕ್ಕಿಂತ ಹೆಚ್ಚು ನೆನಪಿಡಬೇಕಾದ ಫಲಿತಾಂಶ ಇದು ಎಂದು ನನಗೆ ಅನಿಸುತ್ತದೆ. ‘ಈ ಆ್ಯಪ್ ಒಳ್ಳೆಯದೇ?’ ಎಂದು ಕೇಳುವ ಮೊದಲು ‘ಇದು ಯಾವುದರ ಜಾಗಕ್ಕೆ ಬರುತ್ತದೆ?’ ಎಂದು ಕೇಳಬೇಕು.

ಮೈಂಡ್‌ಸ್ಪಾರ್ಕ್ ಎಂಬ ಕಲಿಕಾ ತಂತ್ರಾಂಶದ ಬಗ್ಗೆ ದೆಹಲಿಯಲ್ಲಿ 2015ರಲ್ಲಿ ನಡೆದ ಅಧ್ಯಯನವೂ ಇದರ ಜೊತೆಗೆ ಓದಬೇಕಾದದ್ದು. ಆರನೇ ತರಗತಿಯ ಸರಾಸರಿ ಮಗು ಗಣಿತದಲ್ಲಿ ಎರಡೂವರೆ ತರಗತಿಯಷ್ಟು ಹಿಂದಿತ್ತು, ಒಂಬತ್ತಕ್ಕೆ ಬರುವ ಹೊತ್ತಿಗೆ ಆ ಅಂತರ ಇನ್ನೂ ಹಿಗ್ಗಿತ್ತು. ಶಾಲೆಯ ನಂತರದ ಕೇಂದ್ರಗಳಲ್ಲಿ ಮಗುವಿನ ನಿಜವಾದ ಮಟ್ಟ ಗುರುತಿಸಿ ಅಲ್ಲಿಂದಲೇ ಪ್ರಶ್ನೆ ಕೊಡುವ ತಂತ್ರಾಂಶ ಬಳಸಿದರು, ಜೊತೆಗೆ ಚಿಕ್ಕ ಗುಂಪಿಗೆ ಪಾಠ ಹೇಳುವವರೂ ಇದ್ದರು. ನಾಲ್ಕೂವರೆ ತಿಂಗಳಲ್ಲಿ ಗಣಿತ, ಹಿಂದಿ ಎರಡರಲ್ಲೂ ಒಳ್ಳೆಯ ಪ್ರಗತಿ ಕಂಡಿತು. ಇದಕ್ಕೆ ವಿರುದ್ಧವಾದ ಉದಾಹರಣೆ ದಕ್ಷಿಣ ಅಮೆರಿಕದ ಪೆರು ದೇಶದ್ದು. ಮಗುವಿಗೊಂದು ಲ್ಯಾಪ್‌ಟಾಪ್ ಎಂದು ಅಲ್ಲಿ ಲಕ್ಷಗಟ್ಟಲೆ ಹಂಚಿದರು. 319 ಗ್ರಾಮೀಣ ಶಾಲೆಗಳನ್ನು ಅಧ್ಯಯನ ಮಾಡಿ 2012ರಲ್ಲಿ ಹೊರಬಂದ ವರದಿಯಲ್ಲಿ ಗಣಿತ, ಭಾಷೆಯ ಅಂಕಗಳಲ್ಲಿ ಏರಿಕೆಯೇ ಕಾಣಲಿಲ್ಲ.

ಮಗುವಿಗೆ ಪಾಠ ಮಾಡುವ ಸಾಧನದ ಬಗ್ಗೆ ಆಡುವಷ್ಟು ಮಾತನ್ನು ನಾವು ಶಿಕ್ಷಕರ ಹೊರೆ ಇಳಿಸುವ ಸಾಧನದ ಬಗ್ಗೆ ಆಡುವುದಿಲ್ಲ. ಹಾಜರಿ, ಬಿಸಿಯೂಟ, ಹಾಲು, ಮೊಟ್ಟೆ, ಸಮವಸ್ತ್ರ, ವಿದ್ಯಾರ್ಥಿವೇತನ, ಎಸ್‌ಎಟಿಎಸ್‌ನಲ್ಲಿ ಮಕ್ಕಳ ವಿವರ, ಯುಡೈಸ್ ಮಾಹಿತಿ, ಇವೆಲ್ಲ ಶಿಕ್ಷಕರ ತಲೆಯ ಮೇಲಿವೆ. ಒಂದು ಕಡೆ ತುಂಬಿದ ಅದೇ ವಿವರವನ್ನು ಇನ್ನೊಂದು ನಮೂನೆಯಲ್ಲಿ ಮತ್ತೆ ತುಂಬಿ ಕಳಿಸು ಎಂದು ವಾಟ್ಸ್‌ಆ್ಯಪ್ ಸಂದೇಶ ಬರುತ್ತದೆ. ಸಿಗ್ನಲ್ ಸಿಗುವ ಜಾಗ ಹುಡುಕಿ ಸ್ವಂತ ಮೊಬೈಲಿನಲ್ಲಿ, ಸ್ವಂತ ಡೇಟಾ ಖರ್ಚು ಮಾಡಿ ಅದನ್ನು ಮಾಡುವವರು ಎಷ್ಟೋ ಮಂದಿ. ಒಬ್ಬರೇ ಶಿಕ್ಷಕರಿರುವ ಶಾಲೆಯಲ್ಲಿ ಅಷ್ಟು ಹೊತ್ತು ಮಕ್ಕಳಿಗೆ ಪಾಠವಿಲ್ಲ. ಹೊಸದಾಗಿ ಬರುವ ಯಾವುದೇ ಆ್ಯಪ್ ಹಳೆಯ ಒಂದು ದಾಖಲೆಪುಸ್ತಕವನ್ನು ನಿಜವಾಗಿಯೂ ಮುಚ್ಚಿಸಬೇಕು. ಮುಚ್ಚಿಸದಿದ್ದರೆ ಅದನ್ನು ತರಲೇಬಾರದು.

ಈ ದೃಷ್ಟಿಯಿಂದ ಕೃತಕ ಬುದ್ಧಿಮತ್ತೆಯ ಬಗ್ಗೆ ನನಗೆ ಭರವಸೆ ಇರುವುದು ಅದು ಶಿಕ್ಷಕರ ಮೇಜಿನ ಮೇಲೆ ಇದ್ದಾಗ. ಕರ್ನಾಟಕದಲ್ಲೇ ಶಿಕ್ಷಣ ಫೌಂಡೇಷನ್ ಜೊತೆ ಮೈಕ್ರೋಸಾಫ್ಟ್ ರಿಸರ್ಚ್ ರೂಪಿಸಿದ ‘ಶಿಕ್ಷಾ ಕೋಪೈಲಟ್’ ಪಾಠಯೋಜನೆ ತಯಾರಿಸಲು ಶಿಕ್ಷಕರಿಗೆ ನೆರವಾಗುವ ಸಾಧನ. ಕರಡು ಯಂತ್ರ ಬರೆದರೂ ತಿದ್ದಿ ಒಪ್ಪುವವರು ಶಿಕ್ಷಕರೇ. ಮಗುವಿನ ಮುಂದೆ ನೇರವಾಗಿ ಅಂಥ ಯಂತ್ರ ಇಡಲು ಇನ್ನೂ ಬಹಳ ಎಚ್ಚರ ಬೇಕು. ಮಕ್ಕಳ ಹೆಸರು, ಧ್ವನಿ, ಅಂಕಗಳು ಎಲ್ಲಿಗೆ ಹೋಗುತ್ತವೆ ಎಂದು ಶಾಲೆ ಕೇಳಲೇಬೇಕು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಹದಿನೆಂಟು ತುಂಬದವರೆಲ್ಲರನ್ನೂ ಮಕ್ಕಳೆಂದೇ ಪರಿಗಣಿಸುತ್ತದೆ.

ಇನ್ನು ದುರಸ್ತಿಯ ಮಾತು. ಕೇರಳ 2001ರಲ್ಲಿ ಐಟಿ@ಸ್ಕೂಲ್ ಯೋಜನೆ ಆರಂಭಿಸಿತು, 2017ರಲ್ಲಿ ಅದು ಕೈಟ್ ಎಂಬ ಸರ್ಕಾರಿ ಸಂಸ್ಥೆಯಾಯಿತು. ಪರವಾನಗಿ ಶುಲ್ಕವಿಲ್ಲದ ಲಿನಕ್ಸ್ ತಂತ್ರಾಂಶವನ್ನೇ ಆರಿಸಿಕೊಂಡರು, ತರಬೇತುದಾರರನ್ನು ಶಿಕ್ಷಕರ ನಡುವಿನಿಂದಲೇ ತೆಗೆದುಕೊಂಡರು. 45,000 ತರಗತಿ ಕೋಣೆಗಳಿಗೆ ಲ್ಯಾಪ್‌ಟಾಪ್, ಪ್ರೊಜೆಕ್ಟರ್ ಕೊಟ್ಟಾಗ ಐದು ವರ್ಷದ ವಾರಂಟಿಯನ್ನೂ ಒಪ್ಪಂದದಲ್ಲಿ ಸೇರಿಸಿದರು. ‘ಲಿಟಲ್ ಕೈಟ್ಸ್’ ಕೂಟದ ಮಕ್ಕಳು ಚಿಕ್ಕಪುಟ್ಟ ತೊಂದರೆಗಳನ್ನು ತಾವೇ ಸರಿಪಡಿಸಲು ಕಲಿಯುತ್ತಾರೆ. ನಮ್ಮಲ್ಲೂ ಈ ದಾರಿಯ ಒಳ್ಳೆಯ ಹೆಜ್ಜೆಗಳಿವೆ. 2011ರಲ್ಲಿ ಆರಂಭವಾದ ವಿಷಯ ಶಿಕ್ಷಕರ ವೇದಿಕೆ, ಶಿಕ್ಷಕರೇ ಸಾಮಗ್ರಿ ಬರೆದು ಹಂಚಿಕೊಳ್ಳುವ ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲಗಳ ತಾಣ, ಪಾಠದಲ್ಲಿ ತಂತ್ರಜ್ಞಾನ ಬಳಸುವ ಬಗ್ಗೆ 2016-17ರಿಂದ ನಡೆದ ಟಾಲ್ಪ್ ತರಬೇತಿ, ಇವೆಲ್ಲ ಶಿಕ್ಷಕರನ್ನು ಬರೀ ಬಳಕೆದಾರರೆಂದು ನೋಡದೆ ತಯಾರಕರೆಂದು ಕಂಡವು. ಅವಕ್ಕೆ ನಿರಂತರವಾಗಿ ಹಣ, ಗಮನ ಸಿಗಬೇಕು. ಬಿಲ್ ಕಟ್ಟಲಾಗದೆ ಕರೆಂಟ್ ಹೋದ ಶಾಲೆಗಳ ಸುದ್ದಿ ಓದುತ್ತಿದ್ದ ನಮಗೆ, ಸರ್ಕಾರಿ ಶಾಲೆಗಳಿಗೆ ಉಚಿತ ವಿದ್ಯುತ್ ಕೊಡುವುದಾಗಿ 2023ರ ರಾಜ್ಯೋತ್ಸವದಂದು ಬಂದ ಘೋಷಣೆ ದೊಡ್ಡ ಸಮಾಧಾನ ತಂದಿತು.

ಅಂತರ್ಜಾಲವನ್ನು ಮಾತ್ರ ಇದೆಯೆಂದೇ ನಂಬಿ ಕೂರಲಾಗದು. ಯುಡೈಸ್ ಪ್ಲಸ್ ಪ್ರಕಾರ 2023-24ರಲ್ಲಿ ದೇಶದ ಶಾಲೆಗಳಲ್ಲಿ ಅರ್ಧಕ್ಕಿಂತ ತುಸು ಹೆಚ್ಚಿನವಕ್ಕೆ ಮಾತ್ರ ಆ ಸೌಲಭ್ಯವಿತ್ತು. ಪಠ್ಯಪುಸ್ತಕದ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದರೆ ತೆರೆದುಕೊಳ್ಳುವ ದೀಕ್ಷಾ ವೇದಿಕೆಯ ಪಾಠಗಳನ್ನು ಮೊದಲೇ ಡೌನ್‌ಲೋಡ್ ಮಾಡಿಟ್ಟು ನೆಟ್ ಇಲ್ಲದಾಗಲೂ ತೋರಿಸಬಹುದು. ಯಾವ ತಂತ್ರಾಂಶ ಕೊಂಡರೂ ಈ ಗುಣ ಇರಬೇಕು. ಕನ್ನಡದ ವಿಷಯದಲ್ಲೂ ರಾಜಿ ಬೇಡ. ಬೇರೆ ಪಠ್ಯಕ್ರಮಕ್ಕೆಂದು ಮಾಡಿದ್ದನ್ನು ಯಂತ್ರದಿಂದ ಅನುವಾದಿಸಿ ಮಾರುವವರಿದ್ದಾರೆ. ಅದರ ಪರಿಭಾಷೆ ಮಗುವಿನ ಪಠ್ಯಪುಸ್ತಕದಲ್ಲಿ ಇರುವುದೇ ಇಲ್ಲ. ಅಂಥದ್ದನ್ನು ತೋರಿಸಿದರೆ ಶಿಕ್ಷಕಿ ಮೊದಲು ಅದನ್ನೇ ಬಿಡಿಸಿ ಹೇಳಬೇಕಾಗುತ್ತದೆ.

ಈ ವರ್ಷ ನಿಮ್ಮ ಶಾಲೆಗೆ ಏನಾದರೂ ಕೊಡುವ ಯೋಚನೆಯಲ್ಲಿದ್ದರೆ ಎಸ್‌ಡಿಎಂಸಿ ಸಭೆಗೆ ಒಮ್ಮೆ ಹೋಗಿ ಬನ್ನಿ. ಮಾರಾಟಗಾರ ಸಭಾಂಗಣದಲ್ಲಿ ತೋರಿಸುವ ಪ್ರದರ್ಶನಕ್ಕೆ ಒಪ್ಪಬೇಡಿ. ಏಳನೇ ತರಗತಿಯ ಕೋಣೆಯಲ್ಲಿ, ಅದೇ ಮಕ್ಕಳೊಂದಿಗೆ, ಅದೇ ಶಿಕ್ಷಕರ ಕೈಯಲ್ಲಿ ಒಂದು ತಿಂಗಳು ಬಳಸಲು ಕೊಡಲಿ. ತಿಂಗಳ ಕೊನೆಗೆ ಶಿಕ್ಷಕರು ಬೇಡ ಎಂದರೆ ಅದನ್ನು ಗೌರವದಿಂದ ಒಪ್ಪಿಕೊಳ್ಳಿ. ಬೇಕು ಎಂದರೆ ನಿಮ್ಮ ಹಣದಲ್ಲಿ ಒಂದು ಪಾಲನ್ನು ಯುಪಿಎಸ್ ಬ್ಯಾಟರಿಗೆ, ದುರಸ್ತಿಗೆ, ಮುಂದಿನ ವರ್ಷಗಳ ತರಬೇತಿಗೆ ಶಾಲೆಯ ಖಾತೆಯಲ್ಲಿ ತೆಗೆದಿಡಿ. ಬೋರ್ಡಿಗಿಂತ ಗ್ರಂಥಾಲಯದ ಪುಸ್ತಕ, ವಿಜ್ಞಾನದ ಕಿಟ್ಟು ಅಥವಾ ಒಬ್ಬ ಅತಿಥಿ ಶಿಕ್ಷಕರ ಸಂಬಳವೇ ಹೆಚ್ಚು ಬೇಕು ಎಂದು ಅವರು ಹೇಳಿದರೆ, ಉದ್ಘಾಟನೆಯ ರಿಬ್ಬನ್ ಇಲ್ಲದಿದ್ದರೂ ಅದನ್ನೇ ಕೊಡಿ.